ಉಪ್ಪು ಮುಗಿದಿದೆ, ಯಾವ ದಾರಿ ಬೇಗ? ನಡಿಗೆ, ಸೈಕಲ್, ಸ್ಕೂಟರ್, ಕಾರು, ಆ್ಯಪ್ ಮತ್ತು ಪಕ್ಕದ ಮನೆ

ಒಲೆ ಮೇಲೆ ಪಾತ್ರೆ ಕುದಿಯುತ್ತಿದೆ. ಉಪ್ಪಿನ ಡಬ್ಬಿ ತೆಗೆದರೆ ತಳದಲ್ಲಿ ನಾಲ್ಕು ಹರಳು. ನಿನ್ನೆ ಅಂಗಡಿಗೆ ಹೋಗಿದ್ದು ನೆನಪಿದೆ, ಎರಡು ಚೀಲ ಹೊತ್ತು ತಂದಿದ್ದೂ ನೆನಪಿದೆ. ತರಬೇಕಾಗಿದ್ದ ಒಂದು ಸಾಮಾನು ಮಾತ್ರ ಬಂದಿಲ್ಲ.

ಈಗ ಮನಸ್ಸಿನಲ್ಲಿ ಓಡುವ ಮಾತು ಒಂದೇ: 'ಅಂಗಡಿ ಇಲ್ಲೇ ಇದೆಯಲ್ಲ, ಐದು ನಿಮಿಷ, ಹೋಗಿ ಬಂದುಬಿಡ್ತೀನಿ.' ಈ ಐದು ನಿಮಿಷ ಯಾವತ್ತಾದರೂ ಐದು ನಿಮಿಷ ಆಗಿದೆಯಾ? ನನಗಂತೂ ಆಗಿಲ್ಲ. ಯಾಕೆ ಆಗುವುದಿಲ್ಲ ಅಂತ ಒಂದು ದಿನ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿಕೊಂಡೇ ಹೊರಟೆ. ಮನೆಯವರು ನಕ್ಕರು. ನಗಲಿ.

ಒಲೆ ಆರಿಸಿದ್ದು ಸೊನ್ನೆ ಸೆಕೆಂಡಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ: ಒಲೆ ಸಣ್ಣಗೆ ಮಾಡಿ ಹೋಗುವುದಲ್ಲ, ಆರಿಸಿ ಹೋಗುವುದು. ಮನೆಗಳಲ್ಲಿ ಬೆಂಕಿ ಹೊತ್ತಿಕೊಳ್ಳುವುದಕ್ಕೆ ಅಡುಗೆ ದೊಡ್ಡ ಕಾರಣ, ಅದರಲ್ಲೂ ಉರಿಯುವ ಒಲೆಯನ್ನು ಬಿಟ್ಟು ಆಚೆ ಹೋಗುವುದು. ಸರಿ. ಕೈ ಒರೆಸಿಕೊಂಡೆ. ಬೀಗದ ಕೈ ಇರಬೇಕಾದ ಮೊಳೆಯಲ್ಲಿ ಇರಲಿಲ್ಲ, ನಿನ್ನೆ ಹಾಕಿದ್ದ ಪ್ಯಾಂಟಿನ ಜೇಬಿನಲ್ಲಿತ್ತು. ಮನೆಯಲ್ಲಿ ಹಾಕಿಕೊಂಡಿದ್ದ ಬಟ್ಟೆಯಲ್ಲಿ ಬೀದಿಗೆ ಹೋಗುವ ಹಾಗಿರಲಿಲ್ಲ, ಅಂಗಿ ಬದಲಾಯಿಸಿದೆ. ಬಾಗಿಲಿಗೆ ಬೀಗ ಬಿದ್ದಾಗ 2 ನಿಮಿಷ 40 ಸೆಕೆಂಡ್. ಲಿಫ್ಟ್ ಮೇಲೆಲ್ಲೋ ನಿಂತಿತ್ತು. ರಸ್ತೆಗೆ ಕಾಲಿಟ್ಟಾಗ 4 ನಿಮಿಷ 5 ಸೆಕೆಂಡ್. ಅಂಗಡಿ ಅಲ್ಲಿಂದ 250 ಮೀಟರ್, ತಲುಪಿದಾಗ 7 ನಿಮಿಷ 15. ನನ್ನ ಮುಂದೆ ಇಬ್ಬರು ಇದ್ದರು. ಉಪ್ಪು ತೆಗೆದುಕೊಂಡು, ದುಡ್ಡು ಕೊಟ್ಟು ಈಚೆ ಬಂದಾಗ 9 ನಿಮಿಷ 45. ಮನೆ ಗೇಟು ದಾಟಿದಾಗ 12 ನಿಮಿಷ 55. ಮತ್ತೆ ಲಿಫ್ಟು, ಬೀಗ, ಚಪ್ಪಲಿ. ಒಲೆ ಮುಂದೆ ನಿಂತಾಗ 14 ನಿಮಿಷ 20 ಸೆಕೆಂಡ್.

ಇದರಲ್ಲಿ ನಾನು ರಸ್ತೆಯಲ್ಲಿ ನಡೆದಿದ್ದು ಆರು ನಿಮಿಷ ಚಿಲ್ಲರೆ. ಉಳಿದ ಎಂಟು ನಿಮಿಷ ಹೊಸ್ತಿಲ ಆಚೆ ಈಚೆ ಮತ್ತು ಅಂಗಡಿಯ ಗಲ್ಲಾದ ಮುಂದೆ ಹೋಯಿತು. ಅಂಗಡಿ ಎಷ್ಟು ದೂರ ಅಂತ ಯೋಚಿಸುತ್ತೇವೆ, ಆದರೆ ಅರ್ಧಕ್ಕಿಂತ ಜಾಸ್ತಿ ಸಮಯಕ್ಕೂ ದೂರಕ್ಕೂ ಸಂಬಂಧವೇ ಇಲ್ಲ. ಯಾವ ದಾರಿ ಬೇಗ ಅಂತ ನೋಡುವಾಗ ಇದನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ಮೊದಲು ದೂರ ಸರಿಯಾಗಿ ಅಳೆಯೋಣ

ಸಾಮಾನ್ಯವಾಗಿ ನಾವು ಗಂಟೆಗೆ ಸುಮಾರು 5 ಕಿಲೋಮೀಟರ್ ನಡೆಯುತ್ತೇವೆ. ಅಂದರೆ ನಿಮಿಷಕ್ಕೆ 80 ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಜಪಾನಿನಲ್ಲಿ ಮನೆ ಮಾರಾಟದ ಜಾಹೀರಾತಿಗೆ ಇದೇ ನಿಯಮ. 'ನಿಲ್ದಾಣಕ್ಕೆ 4 ನಿಮಿಷ' ಅಂತ ಹಾಕಬೇಕಾದರೆ 80 ಮೀಟರಿಗೆ ಒಂದು ನಿಮಿಷದ ಲೆಕ್ಕ ಹಿಡಿಯಬೇಕು, ಉಳಿದ ಚೂರನ್ನು ಮೇಲಕ್ಕೆ ಪೂರ್ತಿ ಮಾಡಬೇಕು. ಸಿಗ್ನಲ್‌ನಲ್ಲಿ ಕಾಯುವುದು, ಏರು ಹತ್ತುವುದು ಆ ಲೆಕ್ಕದಲ್ಲಿ ಸೇರುವುದಿಲ್ಲ. ಆದರೂ ನೆನಪಿಡಲು ಸುಲಭದ ಅಳತೆ. ನಾನೂ ಅದನ್ನೇ ಬಳಸುತ್ತೇನೆ.

ಏರಿಗೂ ಒಂದು ಹಳೆಯ ಲೆಕ್ಕವಿದೆ. 1892ರಲ್ಲಿ ಸ್ಕಾಟ್ಲೆಂಡಿನ ಬೆಟ್ಟ ಹತ್ತುವ ವಿಲಿಯಂ ನೇಸ್ಮಿತ್ ಎಂಬವರು ಬರೆದಿಟ್ಟಿದ್ದು. ಸಮತಟ್ಟಿನ ನಡಿಗೆಯ ಸಮಯಕ್ಕೆ, ಪ್ರತಿ 2000 ಅಡಿ ಏರಿಗೆ ಒಂದು ಗಂಟೆ ಸೇರಿಸಿ ಅಂದರು. ನಮ್ಮ ಅಳತೆಗೆ ತಂದರೆ ಪ್ರತಿ 10 ಮೀಟರ್ ಎತ್ತರಕ್ಕೆ ಒಂದು ನಿಮಿಷ. ಮೂರು ಮಹಡಿ ಮೆಟ್ಟಿಲು ಹತ್ತುವುದೂ ಹೆಚ್ಚುಕಡಿಮೆ ಅಷ್ಟೇ. ಬೆಟ್ಟಕ್ಕೆ ಮಾಡಿದ ಸೂತ್ರವನ್ನು ಉಪ್ಪು ತರಲು ಬಳಸುತ್ತಾರೆ ಅಂತ ಪಾಪ ಅವರು ಅಂದುಕೊಂಡಿರಲಿಕ್ಕಿಲ್ಲ.

ಇನ್ನು ನಕ್ಷೆ. ಮೊಬೈಲಿನಲ್ಲಿ ಮನೆಗೂ ಅಂಗಡಿಗೂ ನಡುವೆ ಕಣ್ಣಳತೆಯಲ್ಲಿ ಗೆರೆ ಎಳೆದು 'ಮುನ್ನೂರು ಮೀಟರ್ ಅಷ್ಟೇ' ಅನ್ನುತ್ತೇವೆ. ನಾವು ಹಕ್ಕಿಗಳಲ್ಲ. ರಸ್ತೆಗಳು ಚೌಕ ಚೌಕವಾಗಿದ್ದು, ಅಂಗಡಿ ಸರಿಯಾಗಿ ಮೂಲೆಗೆ ಮೂಲೆ ಇದ್ದರೆ 300 ಮೀಟರ್ ಅನ್ನುವುದು ಕಾಲಿಗೆ 424 ಮೀಟರ್ ಆಗುತ್ತದೆ. ತಿರುವು ಮುರುವು ರಸ್ತೆ, ಒಂದೇ ಗೇಟಿನ ಬಡಾವಣೆ, ನಡುವೆ ರೈಲು ಹಳಿ ಇದ್ದರಂತೂ ಇನ್ನೂ ಜಾಸ್ತಿ. ನಾನು ಮೊದಲು ಇದ್ದ ಮನೆಯ ಅಡುಗೆಮನೆ ಕಿಟಕಿಯಿಂದ ಅಂಗಡಿಯ ಬೋರ್ಡು ಓದಬಹುದಿತ್ತು. ಅಂಗಡಿಯವನು ಶಟರ್ ಎಳೆಯುವ ಸದ್ದೂ ಕೇಳುತ್ತಿತ್ತು. ಮಧ್ಯೆ ಒಂದು ಕಾಂಪೌಂಡ್ ಗೋಡೆ. ಗೇಟು ಇದ್ದದ್ದು ಎದುರು ದಿಕ್ಕಿಗೆ. ಸುತ್ತಿ ಹೋದರೆ ಒಂಬತ್ತು ನಿಮಿಷ. ಗೋಡೆಗೆ ಒಂದು ಚಿಕ್ಕ ಬಾಗಿಲು ಇಟ್ಟಿದ್ದರೆ ಇಡೀ ಬಡಾವಣೆಯ ಜನ ದಿನಾ ಎಷ್ಟು ಹೊತ್ತು ಉಳಿಸುತ್ತಿದ್ದರೋ.

ಎಲ್ಲರ ಕಾಲೂ ಒಂದೇ ವೇಗದ್ದಲ್ಲ ಅನ್ನುವುದೂ ಇದೆ. ಸೆಕೆಂಡಿಗೆ 0.8 ಮೀಟರ್ ನಡೆಯುವ ವಯಸ್ಸಾದವರಿಗೆ 400 ಮೀಟರ್ ಅಂದರೆ ಎಂಟು ನಿಮಿಷದ ಮೇಲೆ. ಚಿಕ್ಕ ಮಗುವಿನ ಕೈ ಹಿಡಿದು ಹೊರಟರೆ ಯಾವ ಸೂತ್ರವೂ ನಿಲ್ಲುವುದಿಲ್ಲ. ದಾರಿಯಲ್ಲಿ ನಾಯಿಮರಿ ಕಂಡರೆ ಮುಗಿಯಿತು.

ನಾಲ್ಕು ಸವಾರಿ, ಒಂದೇ ಉಪ್ಪು

ಈಗ ಹೋಲಿಕೆ. ಎಂಟು ನಿಮಿಷದ ಹೊಸ್ತಿಲು ಮತ್ತು ಗಲ್ಲಾದ ಸಮಯ ಎಲ್ಲರಿಗೂ ಸಮಾನ, ಅದನ್ನು ಬದಿಗಿಡಿ. ವಾಹನ ತೆಗೆದರೆ ಅದರ ಮೇಲೆ ಇನ್ನೊಂದು ಖರ್ಚು ಇದೆ: ತೆಗೆಯುವುದು, ನಿಲ್ಲಿಸುವುದು, ಮತ್ತೆ ತೆಗೆಯುವುದು, ಮತ್ತೆ ನಿಲ್ಲಿಸುವುದು. ಒಂದೊಂದೂ ಚಿಕ್ಕದು. ನಾಲ್ಕು ಸೇರಿದರೆ ಚಿಕ್ಕದಲ್ಲ.

ಸೈಕಲ್ಲಿಗೆ ಬೀಗ ತೆಗೆದು ಹಾಕುವುದಕ್ಕೆ ಹೋಗಿ ಬರುವಷ್ಟರಲ್ಲಿ ಮೂರು ನಿಮಿಷ ಹಿಡಿಯೋಣ. ಸ್ಕೂಟರ್ ಅಥವಾ ಬೈಕಿಗೆ ಹೆಲ್ಮೆಟ್, ಸ್ಟ್ಯಾಂಡ್, ಗಾಡಿಗಳ ಸಾಲಿನಿಂದ ಈಚೆ ಎಳೆಯುವುದು ಸೇರಿ ನಾಲ್ಕು. ಕಾರಿಗೆ ಗೇಟು ತೆಗೆಯುವುದು, ರಿವರ್ಸ್, ಅಂಗಡಿ ಹತ್ತಿರ ಜಾಗ ಹುಡುಕುವುದು ಸೇರಿ ಎಂಟು. ಜಾಗ ಸಿಕ್ಕರೆ ಎಂಟು. ಸವಾರಿಯ ವೇಗ ಸೈಕಲ್ಲಿಗೆ ಗಂಟೆಗೆ 15 ಕಿಲೋಮೀಟರ್, ಸ್ಕೂಟರ್ ಮತ್ತು ಕಾರಿಗೆ ಊರೊಳಗಿನ ರಸ್ತೆಯಲ್ಲಿ 20 ಅಂತ ಇಟ್ಟುಕೊಂಡಿದ್ದೇನೆ. ನಿಮ್ಮ ಬೀದಿ ಬೇರೆ ಇದ್ದರೆ ನಿಮ್ಮ ಅಂಕಿ ಹಾಕಿಕೊಳ್ಳಿ, ಲೆಕ್ಕದ ದಾರಿ ಇದೇ.

ಹೋಗಿ ಬರುವ ಸಮಯ, ನಿಮಿಷಗಳಲ್ಲಿ:

200 ಮೀಟರ್: ನಡಿಗೆ 5, ಸೈಕಲ್ ನಾಲ್ಕೂವರೆ, ಸ್ಕೂಟರ್ 5, ಕಾರು 9
500 ಮೀಟರ್: ನಡಿಗೆ ಹನ್ನೆರಡೂವರೆ, ಸೈಕಲ್ 7, ಸ್ಕೂಟರ್ 7, ಕಾರು 11
1 ಕಿಲೋಮೀಟರ್: ನಡಿಗೆ 25, ಸೈಕಲ್ 11, ಸ್ಕೂಟರ್ 10, ಕಾರು 14
2 ಕಿಲೋಮೀಟರ್: ನಡಿಗೆ 50, ಸೈಕಲ್ 19, ಸ್ಕೂಟರ್ 16, ಕಾರು 20

ಈ ಅಂಕಿ ನೋಡಿ ನನಗೇ ಆಶ್ಚರ್ಯ ಆಯಿತು. ನಡಿಗೆಯೇ ಮೇಲು ಅಂತ ಬರೆಯುವ ಆಸೆ ಇತ್ತು, ಅದು ನಿಜವಾಗಲಿಲ್ಲ. 200 ಮೀಟರಿನ ಒಳಗೆ ನಡಿಗೆ ಗೆಲ್ಲುತ್ತದೆ ಅಥವಾ ಸಮ ಆಗುತ್ತದೆ. ಅದರಾಚೆ ಸೈಕಲ್ಲು ಮುಂದೆ ಹೋಗಿಬಿಡುತ್ತದೆ. ಕಾರು ನಡಿಗೆಯನ್ನು ಹಿಂದೆ ಹಾಕಬೇಕಾದರೆ ಅಂಗಡಿ 420 ಮೀಟರಿಗಿಂತ ದೂರ ಇರಬೇಕು. ಸೈಕಲ್ಲನ್ನು ಹಿಂದೆ ಹಾಕಬೇಕಾದರೆ ಎರಡೂವರೆ ಕಿಲೋಮೀಟರ್ ದಾಟಬೇಕು! ಅಷ್ಟು ದೂರಕ್ಕೆ ಒಂದು ಪೊಟ್ಟಣ ಉಪ್ಪಿಗಾಗಿ ಹೋಗುತ್ತೀರಾದರೆ ನಿಮ್ಮ ಸಮಸ್ಯೆ ವಾಹನದ್ದಲ್ಲ.

ಸೈಕಲ್ಲು ನೆಲಮಾಳಿಗೆಯಲ್ಲಿ ಮೂರು ಗಾಡಿಗಳ ಹಿಂದೆ ಸಿಕ್ಕಿಕೊಂಡಿದ್ದು, ಟೈರಿನಲ್ಲಿ ಗಾಳಿ ಇಲ್ಲದಿದ್ದರೆ ಮೇಲಿನ ಲೆಕ್ಕ ಸುಳ್ಳು. ತಯಾರಿಗೆ ಐದು ನಿಮಿಷ ಆದರೂ ನಡಿಗೆ 290 ಮೀಟರ್‌ವರೆಗೆ ಗೆಲ್ಲುತ್ತದೆ. ಗಾಳಿ ಹೊಡೆಯಲು ಪಂಪ್ ಹುಡುಕಿದರೆ ಕೇಳಲೇ ಬೇಡಿ. ಸೈಕಲ್ ಬೇಗ ಅನ್ನುವ ಮಾತು ದಿನಾ ಸೈಕಲ್ ಬಳಸುವವರಿಗೆ ಮಾತ್ರ.

ಕಾರಿನ ಬಗ್ಗೆ ಇನ್ನೊಂದು ಮಾತು. ಎಂಜಿನ್ ತಣ್ಣಗಿರುವಾಗ ಇಂಧನ ಜಾಸ್ತಿ ಕುಡಿಯುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಬಿಸಿಯಾಗುವವರೆಗೆ ಕೆಲಸ ಮಾಡುವುದಿಲ್ಲ. ಅರ್ಧ ಕಿಲೋಮೀಟರ್ ಹೋಗಿ ಬರುವಷ್ಟರಲ್ಲಿ ಅದು ಸರಿಯಾಗಿ ಬಿಸಿಯಾಗಿಯೇ ಇರುವುದಿಲ್ಲ. ಬ್ಯಾಟರಿ ಕಾರಿಗೆ ಈ ತೊಂದರೆ ಇಲ್ಲ, ಪಾರ್ಕಿಂಗ್ ತೊಂದರೆ ಅದಕ್ಕೂ ಇದೆ. ಮಳೆ ಸುರಿಯುತ್ತಿದೆ, ಕಾಲು ನೋಯುತ್ತಿದೆ, ರಾತ್ರಿ ಹೊತ್ತು ಒಬ್ಬರೇ ಹೋಗಬೇಕು ಅಂದಾಗ ಕಾರು ತೆಗೆಯಿರಿ, ಯಾರೂ ಏನೂ ಅನ್ನುವುದಿಲ್ಲ. ಬೇಗ ಆಗುತ್ತದೆ ಅಂತ ಮಾತ್ರ ತೆಗೆಯಬೇಡಿ.

ಚಿಕ್ಕ ಅಂಗಡಿಯೋ, ದೊಡ್ಡ ಅಂಗಡಿಯೋ

ದಾರಿ ಮುಗಿಯಿತು, ಅಂಗಡಿ ಒಳಗಿನ ಸಮಯ ಇದೆಯಲ್ಲ. ಬಹಳ ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಒಂದು ಕಾಲದಲ್ಲಿ ಎಲ್ಲ ಅಂಗಡಿಗಳೂ ಕೇಳಿ ತೆಗೆದುಕೊಳ್ಳುವ ಅಂಗಡಿಗಳೇ. ನೀವು ಕಟ್ಟೆಯ ಈಚೆ, ಸಾಮಾನು ಆಚೆ. 1916ರಲ್ಲಿ ಅಮೆರಿಕದ ಮೆಂಫಿಸ್ ಊರಿನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬವರು ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದರು. ಬುಟ್ಟಿ ಹಿಡಿದು ನೀವೇ ಸುತ್ತಾಡಿ ಆರಿಸಿಕೊಳ್ಳಿ, ಕೊನೆಯಲ್ಲಿ ದುಡ್ಡು ಕೊಡಿ ಅನ್ನುವ ಏರ್ಪಾಡು ಶುರುವಾದದ್ದು ಅಲ್ಲಿಂದ. ಇಪ್ಪತ್ತು ಸಾಮಾನು ಬೇಕಾದವರಿಗೆ ಇದು ಒಳ್ಳೆಯದೇ. ಒಂದೇ ಒಂದು ಬೇಕಾದವರಿಗೆ ಅಲ್ಲ. ನಿಮ್ಮ ನಡಿಗೆ ಅಂಗಡಿಯ ಬಾಗಿಲಲ್ಲಿ ಮುಗಿಯುವುದಿಲ್ಲ, ಒಳಗೂ ಮುಂದುವರಿಯುತ್ತದೆ. ಹಾಲು ಬೇಕಾದರೆ ಬಹಳ ಕಡೆ ಕೊನೆಯ ಗೋಡೆಯವರೆಗೂ ಹೋಗಬೇಕು. ಜನ ಪೂರ್ತಿ ಅಂಗಡಿ ಸುತ್ತಲಿ ಅಂತ ಹೀಗಿಡುತ್ತಾರೆ ಅಂತ ಕೆಲವರು, ತಣ್ಣನೆಯ ಸಾಮಾನು ಲಾರಿಯಿಂದ ಹಿಂಬಾಗಿಲಲ್ಲಿ ಇಳಿಯುವುದರಿಂದ ಅಂತ ಇನ್ನು ಕೆಲವರು. ಕಾರಣ ಯಾವುದಾದರೂ ಇರಲಿ, ನಡೆಯುವುದು ನೀವೇ.

ಆಮೇಲೆ ಸಾಲು. ಚಿಕ್ಕ ಅಂಗಡಿಯಲ್ಲಿ 'ಒಂದು ಉಪ್ಪು ಕೊಟ್ಬಿಡಿ' ಅಂತ ಪಕ್ಕದಿಂದ ಕೈ ಚಾಚಿದರೆ ಕೊಟ್ಟುಬಿಡುತ್ತಾರೆ. ದೊಡ್ಡ ಅಂಗಡಿಯಲ್ಲಿ ಆ ಸಲುಗೆ ನಡೆಯುವುದಿಲ್ಲ. ಅಲ್ಲಿ ಸಾಲು ಆರಿಸುವುದಕ್ಕೂ ಒಂದು ಜಾಣ್ಮೆ ಬೇಕು. ತುಂಬಿದ ಗಾಡಿ ತಳ್ಳಿಕೊಂಡು ನಿಂತ ಒಬ್ಬರ ಹಿಂದೆ ನಿಲ್ಲುವುದೋ, ಒಂದೆರಡು ಸಾಮಾನು ಹಿಡಿದ ನಾಲ್ವರ ಹಿಂದೆಯೋ? ಕಣ್ಣಿಗೆ ಎರಡನೆಯದು ಬೇಗ ಅನ್ನಿಸುತ್ತದೆ. ಆದರೆ ಪ್ರತಿಯೊಬ್ಬರಿಗೂ ಚೀಲ ಬೇಕಾ ಅಂತ ಕೇಳುವುದು, ಕಾರ್ಡು ತೆಗೆಯುವುದು, ಪಾಸ್‌ವರ್ಡ್ ತಪ್ಪಾಗುವುದು, ಚಿಲ್ಲರೆ ಹುಡುಕುವುದು ಇದ್ದೇ ಇರುತ್ತದೆ. ಸಾಮಾನು ಸ್ಕ್ಯಾನ್ ಆಗುವುದು ಸೆಕೆಂಡುಗಳ ಕೆಲಸ, ದುಡ್ಡಿನ ವ್ಯವಹಾರ ನಿಮಿಷದ ಕೆಲಸ. ನಾಲ್ಕು ಸಲ ಆ ವ್ಯವಹಾರ ಮುಗಿಯುವಷ್ಟರಲ್ಲಿ ತುಂಬಿದ ಗಾಡಿಯವರು ಮನೆ ದಾರಿ ಹಿಡಿದಿರುತ್ತಾರೆ, ಎಷ್ಟೋ ಸಲ.

ಹಾಗಾದರೆ ಯಾವಾಗಲೂ ಚಿಕ್ಕ ಅಂಗಡಿಯೇ? ಇಲ್ಲ. ಚಿಕ್ಕ ಅಂಗಡಿಗೆ ಎರಡು ಕೊರತೆ. ಬೇಕಾದ ಸಾಮಾನು ಇಲ್ಲದಿರಬಹುದು, ಬಾಗಿಲು ಹಾಕಿರಬಹುದು. ಉಪ್ಪು, ಸಕ್ಕರೆ, ಹಾಲು, ಬೆಂಕಿಪೊಟ್ಟಣ ಎಲ್ಲಿದ್ದರೂ ಸಿಗುತ್ತದೆ. ಮಗುವಿಗೆ ಒಗ್ಗುವ ಒಂದೇ ಬಗೆಯ ಹಾಲಿನ ಪುಡಿ, ಬ್ರೆಡ್ಡಿಗೆ ಹಾಕುವ ಯೀಸ್ಟ್ ಎಲ್ಲ ಕಡೆ ಸಿಗುವುದಿಲ್ಲ.

ಇಲ್ಲಿ ದಿಕ್ಕು ಮುಖ್ಯ ಆಗುತ್ತದೆ. ಚಿಕ್ಕ ಅಂಗಡಿ 200 ಮೀಟರಿನಲ್ಲಿದೆ, ದೊಡ್ಡದು 700 ಮೀಟರಿನಲ್ಲಿದೆ ಅಂದುಕೊಳ್ಳಿ. ಎರಡೂ ಒಂದೇ ರಸ್ತೆಯಲ್ಲಿದ್ದರೆ ಚಿಕ್ಕದರಲ್ಲಿ ಕೇಳಿ ಮುಂದೆ ಹೋಗಿ. ಸಿಗದಿದ್ದರೂ ಕಳೆದುಕೊಳ್ಳುವುದು ಕೇಳಿದ ಒಂದೆರಡು ನಿಮಿಷ. ಎರಡೂ ಎದುರು ಬದುರು ದಿಕ್ಕಿನಲ್ಲಿದ್ದರೆ ಚಿಕ್ಕದಕ್ಕೆ ಹೋದ 400 ಮೀಟರ್ ದಂಡ, ಒಟ್ಟು ಏಳು ನಿಮಿಷ ಹೆಚ್ಚಾಗುತ್ತದೆ. ಆಗ ಸಾಮಾನು ಸಿಗುವುದು ಅನುಮಾನವಿದ್ದರೆ ನೇರ ದೊಡ್ಡ ಅಂಗಡಿಗೇ ಹೋಗಿ. ಇಲ್ಲವೇ ಚಪ್ಪಲಿ ಹಾಕುವ ಮುಂಚೆ ಒಂದು ಫೋನ್ ಮಾಡಿ. ಹತ್ತಿರದ ಅಂಗಡಿಯ ನಂಬರ್ ಮೊಬೈಲಿನಲ್ಲಿ ಇಟ್ಟುಕೊಳ್ಳುವುದಕ್ಕಿಂತ ದೊಡ್ಡ ಉಳಿತಾಯ ಈ ಇಡೀ ಬರಹದಲ್ಲಿ ಇನ್ನೊಂದಿಲ್ಲ.

ಸಮಯದ ವಿಚಾರ. ಸೆವೆನ್ ಇಲೆವೆನ್ ಅನ್ನುವ ಅಂಗಡಿಗಳ ಹೆಸರು ಬಂದದ್ದೇ ಬಾಗಿಲು ತೆರೆದಿರುವ ಹೊತ್ತಿನಿಂದ. 1946ರಲ್ಲಿ ಬೆಳಗ್ಗೆ 7ರಿಂದ ರಾತ್ರಿ 11ರವರೆಗೆ ತೆರೆದಿರುತ್ತೇವೆ ಅಂತ ಹೇಳಿಕೊಳ್ಳಲು ಆ ಹೆಸರು ಇಟ್ಟರು. ಅಷ್ಟು ಹೊತ್ತು ತೆರೆದಿರುವುದೇ ಆಗ ದೊಡ್ಡ ಸಂಗತಿಯಾಗಿತ್ತು. ಜರ್ಮನಿಯಲ್ಲಿ ಇವತ್ತಿಗೂ ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಮರೆತವರು ರೈಲು ನಿಲ್ದಾಣಕ್ಕೋ ಪೆಟ್ರೋಲ್ ಬಂಕಿಗೋ ಓಡುತ್ತಾರೆ. ಎಲ್ಲೇ ಇರಿ, ರಾತ್ರಿ ತಡವಾಗಿ ತೆರೆದಿರುವ ಒಂದು ಜಾಗ ಯಾವುದು ಅಂತ ಮೊದಲೇ ಗೊತ್ತಿರಬೇಕು. ಬೇಕಾದ ಹೊತ್ತಿಗೆ ಹುಡುಕಿದರೆ ಸಿಗುವುದಿಲ್ಲ. ಮುಚ್ಚಿದ ಶಟರ್ ಮುಂದೆ ನಿಂತಾಗ ನೂರು ಮೀಟರಿನ ಅಂಗಡಿಯೂ ದೂರವೇ.

ಆ್ಯಪ್‌ನಲ್ಲಿ ತರಿಸಿದರೆ?

ಇತ್ತೀಚೆಗೆ ಎಲ್ಲರ ಕೈ ಮೊದಲು ಹೋಗುವುದು ಮೊಬೈಲಿಗೆ. ಬೇಗ ತಲುಪಿಸುವ ಆ್ಯಪ್‌ಗಳ ಗುಟ್ಟು ಗಾಡಿಯ ವೇಗದಲ್ಲಿ ಇಲ್ಲ. ಗಿರಾಕಿಗಳಿಗೆ ಬಾಗಿಲಿಲ್ಲದ, ಸಾಮಾನು ಜೋಡಿಸಿಟ್ಟ ಚಿಕ್ಕ ಗೋದಾಮುಗಳನ್ನು ಮನೆಗಳ ಹತ್ತಿರವೇ ಇಡುತ್ತಾರೆ. ಡಾರ್ಕ್ ಸ್ಟೋರ್ ಅನ್ನುತ್ತಾರೆ ಅದಕ್ಕೆ. ಒಳಗೆ ಯಾವ ಕಪಾಟಿನಲ್ಲಿ ಏನಿದೆ ಅಂತ ಕಂಪ್ಯೂಟರಿಗೆ ಗೊತ್ತು. ಹಾಗಾಗಿ ಹುಡುಕುವ, ಸಾಲು ನಿಲ್ಲುವ ಸಮಯ ಉಳಿಯುತ್ತದೆ. ಒಂದು ಲೆಕ್ಕಕ್ಕೆ ಹಳೆಯ ಕೇಳಿ ತೆಗೆದುಕೊಳ್ಳುವ ಅಂಗಡಿಯೇ ಇದು, ಕಟ್ಟೆ ಮಾತ್ರ ನಿಮ್ಮ ಅಂಗೈಗೆ ಬಂದಿದೆ.

ಆ್ಯಪ್ ಹೇಳುವ ಸಮಯವನ್ನು ನಿಮ್ಮ ನಡಿಗೆಯ ಜೊತೆ ಹೀಗೆ ಹೋಲಿಸಿ. ಆ್ಯಪ್ 15 ನಿಮಿಷ ಅಂತ ತೋರಿಸುತ್ತಿದೆ. ನಿಮ್ಮ ಹೊಸ್ತಿಲು ಮತ್ತು ಗಲ್ಲಾದ ಎಂಟು ನಿಮಿಷ ಕಳೆಯಿರಿ, ಏಳು ಉಳಿಯಿತು. ಏಳು ನಿಮಿಷದಲ್ಲಿ ನೀವು ಹೋಗಿ ಬರಬಹುದಾದ ದೂರ 280 ಮೀಟರ್. ಅಂಗಡಿ ಅದಕ್ಕಿಂತ ಹತ್ತಿರ ಇದ್ದರೆ ಎದ್ದು ಹೋಗಿ, ದೂರ ಇದ್ದರೆ ಆರ್ಡರ್ ಮಾಡಿ. ಆ್ಯಪ್ 30 ನಿಮಿಷ ಅಂದರೆ ಆ ಗಡಿ 880 ಮೀಟರಿಗೆ ಹೋಗುತ್ತದೆ. ಅಷ್ಟರೊಳಗೆ ಯಾವುದಾದರೂ ಅಂಗಡಿ ಇದ್ದರೆ ನಡೆದವರೇ ಮೊದಲು.

ಆದರೆ ಈ ಹೋಲಿಕೆ ಪೂರ್ತಿ ನ್ಯಾಯದ್ದಲ್ಲ. ಆ್ಯಪ್‌ನ 15 ನಿಮಿಷದಲ್ಲಿ ನೀವು ಅಡುಗೆಮನೆಯಲ್ಲೇ ಇರುತ್ತೀರಿ, ಒಲೆ ಆರಿಸಬೇಕಾಗಿಲ್ಲ. ಮಲಗಿರುವ ಮಗುವನ್ನು ಬಿಟ್ಟು ಹೋಗಲಾಗದ ತಾಯಿಗೆ, ಕಾಲು ಮುರಿದುಕೊಂಡು ಕೂತವರಿಗೆ ಇದು ಹೋಲಿಕೆಯ ವಿಷಯವೇ ಅಲ್ಲ. ಇನ್ನೊಂದು ಕಡೆ, ಅಷ್ಟು ಚಿಕ್ಕ ಆರ್ಡರಿಗೆ ತಲುಪಿಸುವ ಖರ್ಚು ಬೇರೆ ಬೀಳುತ್ತದೆ, ಅದನ್ನು ತಪ್ಪಿಸಲು ಬೇಡದ ಮೂರು ಸಾಮಾನು ಸೇರಿಸುತ್ತೇವೆ. ಬಿಲ್ಲು ನೋಡಿದರೆ ಉಪ್ಪು ಎಲ್ಲೋ ಕೆಳಗೆ. ತೋರಿಸಿದ ಸಮಯವೂ ಖಾತ್ರಿ ಅಲ್ಲ. ಮಳೆ ಬಂದರೆ, ಎಲ್ಲರೂ ಒಟ್ಟಿಗೆ ಆರ್ಡರ್ ಮಾಡುವ ಸಂಜೆಯಾದರೆ ಆ ಅಂಕಿ ಕಣ್ಣೆದುರಿಗೇ ಏರುತ್ತದೆ. ಒಮ್ಮೆ ನನ್ನ ಸಾಮಾನು ಹಿಡಿದ ಹುಡುಗ ನಮ್ಮ ಗೇಟಿನವರೆಗೂ ಬಂದು, ಎರಡು ಕಟ್ಟಡಗಳಿಗೆ ಒಂದೇ ನಂಬರ್ ಇದ್ದುದರಿಂದ ಆಚೆ ಕಟ್ಟಡದ ಐದನೇ ಮಹಡಿ ಹತ್ತಿ ಇಳಿದ. ಮ್ಯಾಪಿನಲ್ಲಿ ಅವನ ಚುಕ್ಕಿ ನಮ್ಮ ಮನೆ ಮೇಲೇ ಇತ್ತು. ಹನ್ನೊಂದು ನಿಮಿಷ. ನಾನು ಬಾಲ್ಕನಿಯಿಂದ ಕೂಗಿದ್ದು ಅವನ ಹೆಲ್ಮೆಟ್ ಒಳಗೆ ಕೇಳಿಸಲಿಲ್ಲ. ವಿಳಾಸದ ಕೆಳಗೆ ಒಂದು ಗುರುತು ಬರೆದಿಡಿ, 'ಹಸಿರು ಗೇಟು, ಮೆಟ್ಟಿಲ ಪಕ್ಕ' ಅಂತಲಾದರೂ. ಅವರಿಗೂ ಉಪಕಾರ.

ಹೋಗದೇ ಮುಗಿಸುವ ದಾರಿ

ಎಲ್ಲಕ್ಕಿಂತ ಬೇಗದ್ದು ಪಕ್ಕದ ಮನೆ. ಬಾಗಿಲು ತಟ್ಟಿ, ಲೋಟ ಮುಂದೆ ಹಿಡಿದರೆ ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಮಾತಿಗೆ ನಿಂತರೆ ಇಪ್ಪತ್ತು. ಸಂಕೋಚ ಪಡುವವರು ಜಾಸ್ತಿ, ನಾನೂ ಅದೇ ಜಾತಿ. ಕೇಳಬೇಕಾದ್ದು ಅಳತೆಗೆ ಸಿಗುವಂಥದ್ದಾಗಿರಲಿ, ಒಂದು ಲೋಟ, ಎರಡು ಚಮಚ. ಬೆಳಗಿನ ಹೊತ್ತಿನಲ್ಲಿ ಹಾಲು ಮಾತ್ರ ಕೇಳಬೇಡಿ, ಅವರಿಗೂ ಲೆಕ್ಕದ್ದೇ ಇರುತ್ತದೆ.

ಇನ್ನೊಂದು ಪ್ರಶ್ನೆ ಎಲ್ಲಕ್ಕಿಂತ ಮೊದಲು ಬರಬೇಕಾದ್ದು: ಈಗಲೇ ಬೇಕಾ? ಉಪ್ಪು ಕೊನೆಯಲ್ಲೂ ಹಾಕಬಹುದು. ಪಾತ್ರೆ ತೊಳೆಯುವ ಸೋಪು ನಾಳೆ ಬಂದರೂ ನಡೆಯುತ್ತದೆ. ಮರೆತಿದ್ದು ಗೊತ್ತಾದ ಕೂಡಲೇ ಎದ್ದು ಓಡುವುದು ಸುಮ್ನೆ ಅಭ್ಯಾಸ. ಮನೆಯಲ್ಲಿ ಇನ್ನೊಬ್ಬರು ಆಗಲೇ ಹೊರಗಿದ್ದರೆ, ಬರುವ ದಾರಿಯಲ್ಲಿದ್ದರೆ, ಒಂದು ಮೆಸೇಜ್ ಸಾಕು. ಅವರ ದಾರಿಗೆ ಸೇರುವುದು ಗಲ್ಲಾದ ಎರಡು ನಿಮಿಷ ಮಾತ್ರ. ಮೇಲಿನ ನಾಲ್ಕೂ ಸವಾರಿಗಳಿಗಿಂತ ಅಗ್ಗ.

ಅಂಗಡಿ ಮುಂದೆ ನಿಂತು ಮತ್ತೆ ಮರೆತರೆ

ನಗಬೇಡಿ. ನಾನು ಉಪ್ಪಿಗೆ ಅಂತ ಹೋಗಿ ಬಲ್ಬು, ಬ್ಲೇಡು, ಒಂದು ಸೋಪು ತಂದಿದ್ದೇನೆ. ಉಪ್ಪು ತಂದಿರಲಿಲ್ಲ. ಎರಡನೇ ಸಲ ಹೋಗುವುದು ಅಂದರೆ ಮೇಲಿನ ಲೆಕ್ಕವೆಲ್ಲ ಎರಡರಷ್ಟು. ಯಾವ ವಾಹನವೂ ಇದನ್ನು ತುಂಬಿಕೊಡುವುದಿಲ್ಲ.

ಬಾಗಿಲು ದಾಟಿದರೆ ಮರೆವು ಬರುತ್ತದೆ ಅನ್ನುವುದಕ್ಕೆ ಸ್ವಲ್ಪ ಆಧಾರವೂ ಇದೆ. 2011ರಲ್ಲಿ ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಗೇಬ್ರಿಯಲ್ ರಾಡ್ವಾನ್ಸ್ಕಿ ಮತ್ತು ಜೊತೆಯವರು ಪ್ರಯೋಗ ಮಾಡಿ ನೋಡಿದರು. ಒಂದೇ ಕೋಣೆಯಲ್ಲಿ ಅಷ್ಟೇ ದೂರ ನಡೆದವರಿಗಿಂತ ಬಾಗಿಲು ದಾಟಿ ಇನ್ನೊಂದು ಕೋಣೆಗೆ ಹೋದವರು ಕೈಯಲ್ಲಿದ್ದದ್ದು ಏನು ಅಂತ ಹೆಚ್ಚು ಮರೆತರು. ಆಮೇಲಿನ ಪ್ರಯೋಗಗಳಲ್ಲಿ ಇದು ಯಾವಾಗಲೂ ಕಾಣಲಿಲ್ಲ, ತಲೆಯಲ್ಲಿ ಬೇರೆ ಕೆಲಸ ತುಂಬಿದ್ದಾಗ ಕಂಡಿತು. ಅಡುಗೆ ಅರ್ಧಕ್ಕೆ ಬಿಟ್ಟು ಓಡುವವರ ತಲೆ ಖಾಲಿ ಇರುತ್ತದಾ?

ಹಾಗಾಗಿ ಒಂದೇ ಸಾಮಾನಾದರೂ ಬರೆದುಕೊಳ್ಳಿ, ಇಲ್ಲವೇ ಖಾಲಿ ಪೊಟ್ಟಣವನ್ನೇ ಜೇಬಿಗೆ ಹಾಕಿಕೊಳ್ಳಿ. ಪೊಟ್ಟಣ ಜೇಬಿನಲ್ಲಿದ್ದರೆ ಇನ್ನೊಂದು ಲಾಭ, ಬೇರೆ ಬಗೆಯದು ತಂದು ಮಾತು ಕೇಳುವುದು ತಪ್ಪುತ್ತದೆ. ಹೊರಡುವ ಮುಂಚೆ ಮನೆಯಲ್ಲಿ ಒಮ್ಮೆ 'ಇನ್ನೇನಾದರೂ ಬೇಕಾ' ಅಂತ ಕೂಗಿ. ಮೆಟ್ಟಿಲು ಇಳಿದ ಮೇಲೆ ಬರುವ ಫೋನ್ ಒಲ್ಲದ ಫೋನ್.

ಮನೆ ಹುಡುಕುತ್ತಿರುವವರಿಗೆ

ಹೊಸ ಮನೆ ನೋಡುತ್ತಿದ್ದರೆ ಈ ಲೆಕ್ಕ ಅಲ್ಲಿಯೇ ಮಾಡುವುದು ಒಳ್ಳೆಯದು, ಆಮೇಲೆ ಗೋಡೆ ಒಡೆಯಲಾಗುವುದಿಲ್ಲ. ಊರು ಕಟ್ಟುವವರು ಇದನ್ನು ಹಿಂದಿನಿಂದ ಯೋಚಿಸುತ್ತಲೇ ಬಂದಿದ್ದಾರೆ. 1929ರಲ್ಲಿ ಕ್ಲಾರೆನ್ಸ್ ಪೆರಿ ಎಂಬವರು ಒಂದು ಬಡಾವಣೆ ಅಂದರೆ ನಡುವಿನಿಂದ ಅಂಚಿಗೆ ಕಾಲು ಮೈಲಿ, ಸುಮಾರು 400 ಮೀಟರ್ ಇರಲಿ ಅಂದರು. ಐದು ನಿಮಿಷದ ನಡಿಗೆ. ಪ್ಯಾರಿಸ್ಸಿನಲ್ಲಿ ಪಾಠ ಹೇಳುವ ಕಾರ್ಲೋಸ್ ಮೊರೆನೊ 2016ರಲ್ಲಿ 15 ನಿಮಿಷದ ನಗರ ಅನ್ನುವ ಮಾತು ತಂದರು, ದಿನದ ಅಗತ್ಯವೆಲ್ಲ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಅಷ್ಟರೊಳಗೆ ಸಿಗಬೇಕು ಅಂತ. ನನಗೆ ಹಿಡಿಸಿದ್ದು ಮೆಲ್ಬರ್ನಿನವರ ಅಳತೆ. ಅವರದು 20 ನಿಮಿಷದ ಬಡಾವಣೆ, ಆದರೆ ಅದು ಹೋಗಿ ಬರುವ 20 ನಿಮಿಷ. ಹೋಗುವುದು 800 ಮೀಟರ್, ಬರುವುದು 800 ಮೀಟರ್. ಮರೆತ ಸಾಮಾನಿಗೆ ಬೇಕಾದ ಅಳತೆ ಇದೇ ಅಲ್ವಾ? ಉಪ್ಪು ಅಂಗಡಿಯಲ್ಲಿ ಸಿಕ್ಕರೆ ಸಾಲದು, ಒಲೆ ಹತ್ತಿರ ಬರಬೇಕು.

ಮನೆ ನೋಡಲು ಹೋದಾಗ ಅಂಗಡಿಗೆ ನೀವೇ ಒಮ್ಮೆ ನಡೆದು ವಾಪಸ್ ಬನ್ನಿ, ಬಾಗಿಲಿನಿಂದ ಬಾಗಿಲಿಗೆ ಗಡಿಯಾರ ನೋಡಿ. ಸಾಧ್ಯವಾದರೆ ರಾತ್ರಿ ಒಂಬತ್ತರ ಹೊತ್ತಿಗೆ ಇನ್ನೊಮ್ಮೆ ಹೋಗಿ, ಬೀದಿ ದೀಪ ಇದೆಯಾ, ಶಟರ್ ಎಳೆದಿದ್ದಾರಾ ಅಂತ ಗೊತ್ತಾಗುತ್ತದೆ. ದೊಡ್ಡ ರಸ್ತೆ ದಾಟಬೇಕಾದರೆ ಎರಡೂ ಕಡೆ ಎಷ್ಟು ಹೊತ್ತು ನಿಂತಿರಿ ಅಂತ ನೋಡಿಕೊಳ್ಳಿ. ಹೋಗುವಾಗ ಇಳಿಜಾರು ಇದ್ದರೆ ಬರುವಾಗ ಏರು ಅನ್ನುವುದು ಮರೆಯಬೇಡಿ, ಭಾರ ಕೈಯಲ್ಲಿರುವುದು ಬರುವಾಗಲೇ.

ಮನೆ ತೋರಿಸುವವರು 'ಎಲ್ಲ ಹತ್ತಿರದಲ್ಲೇ ಸಾರ್, ಐದೇ ನಿಮಿಷ' ಅಂದರೆ, ಯಾವುದರಲ್ಲಿ ಐದು ನಿಮಿಷ ಅಂತ ಕೇಳಿ. ನಾನು ಕೇಳಿದಾಗ ಅವರು ಜೇಬಿನಿಂದ ಬೈಕಿನ ಕೀ ತೆಗೆದು ತೋರಿಸಿದರು.